ಗುಣಿ

ಚಳ್ಳಕೆರೆಯ ಹೈಸ್ಕೂಲ್ ಮೈದಾನದಲ್ಲಿ
ಎಲ್ಲಿ ನೆಲ ಮೆತ್ತಗಿದೆ, ಎಲ್ಲಿ ಹಾರೆ ಠಣ್ಣೆನ್ನುತ್ತದೆ
ನನ್ನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ.
ಹದಿನೇಳು ವರ್ಷದಿಂದ ಶಾಮಿಯಾನದ ಗುಣಿ ತೋಡುತ್ತಿದ್ದೇನೆ:
ಆರತಕ್ಷತೆಗೆ, ಕಣ್ಣಿನ ಉಚಿತ ತಪಾಸಣೆಗೆ,
ರಾಜ್ಯೋತ್ಸವಕ್ಕೆ, ಗೆದ್ದವರ ಸನ್ಮಾನಕ್ಕೆ,
ಒಮ್ಮೆ, ಸೋತವರ ಕೃತಜ್ಞತಾ ಸಭೆಗೂ.

ಬಾಡಿಗೆ ಕೈಗೆ ಬಂದು, ಕಂಬ ಕಿತ್ತು ಟೆಂಪೋಗೇರಿದ ಮೇಲೆ
ಗುಣಿ ಯಾರಪ್ಪನದು?
ಮಳೆ ಬಂದಾಗ ತಾನೇ ಮುಚ್ಕಂತೈತೆ ಅನ್ನುತ್ತಿದ್ದೆ.
ಚಳ್ಳಕೆರೆಯಲ್ಲಿ ನಿಂತು ಹೀಗನ್ನಲಿಕ್ಕೂ ಧೈರ್ಯ ಬೇಕು.

ಮಗಳು ತಿಪ್ಪಮ್ಮ. ನನ್ನವ್ವನ ಹೆಸರು.
ಜರ್ಸಿಯ ಬೆನ್ನಿಗೆ ಬರೀ ‘ಟಿ’ ಅಂತ ಬರೆಸಿಕೊಂಡಿದ್ದಾಳೆ,
ಎದೆಗೆ ಎಣ್ಣೆ ಮಿಲ್ಲಿನವರ ಹೆಸರು, ಡಬ್ಬಿಯ ಚಿತ್ರ ಸಮೇತ.
ಪಿ.ಟಿ. ಮೇಷ್ಟ್ರು ಅಲ್ಲಾಬಕ್ಷಿ ಮೊದಲ ಸಲ ಮನೆಗೆ ಬಂದು
“ಹುಡುಗಿ ಎಡಗಾಲು ಭಾಳ ಚೆನ್ನಾಗೈತೆ ಪಾಲಯ್ಯ” ಅಂದಾಗ
ಮಾರಕ್ಕ ಒಳಗಿಂದಲೇ ಕೇಳಿದಳು:
“ಯಾಕೆ, ಬಲಗಾಲಿಗೇನಾಗೈತೆ?”

ಅಲ್ಲಿಂದಾಚೆ ಒಂದೇ ಮೈದಾನ, ಎರಡು ಪಾಳಿ.
ಬೆಳಿಗ್ಗೆ ಆರಕ್ಕೆ ಅವಳ ಚೆಂಡು, ರಾತ್ರಿಗೆ ನನ್ನ ಕಂಬ.
ಹಿರಿಯೂರಿಗೆ, ಹೊಸದುರ್ಗಕ್ಕೆ ಟೀಮು ಹೋಗುವುದು ನನ್ನ ಟೆಂಪೋದಲ್ಲೇ,
ಮಡಚಿದ ಪರದೆಯ ಮೇಲೆ ಹನ್ನೊಂದು ಹುಡುಗಿಯರು, ಒಂದು ಚೀಲ ಮಂಡಕ್ಕಿ,
ಮುಂದಿನ ಸೀಟಿನಲ್ಲಿ ಕಿರಿಯವನು ಬೋಸ, ತಂತಿಯಿಲ್ಲದ ಮೈಕು ಹಿಡಿದು
ದಾರಿಯುದ್ದಕ್ಕೂ “ಹಲೋ ಚೆಕ್, ಹಲೋ ಚೆಕ್.”
ಆಫ್‌ಸೈಡ್ ಅಂದರೇನೆಂದು ನನಗೆ ಈಗಲೂ ತಿಳಿದಿಲ್ಲ.
ಮಾರಕ್ಕನಿಗೆ ತಿಳಿದಿದೆ:
“ಬೀಗರು ಬರೋಕೆ ಮುಂಚೇನೇ ಪಂಕ್ತೀಲಿ ಕುಂತಂಗೆ.”

ಸೆಮಿಫೈನಲ್ಲು ಭಾನುವಾರ, ದಾವಣಗೆರೆಯವರ ಮೇಲೆ.
ಶನಿವಾರ ರಾತ್ರಿ ಅಲ್ಲೇ ಯಾರೋ ಮುಖಂಡರ ಹುಟ್ಟುಹಬ್ಬ,
ಹನ್ನೆರಡು ಕಂಬ, ಮುನ್ನೂರು ಕುರ್ಚಿ, ಕೇಕು ಕತ್ತರಿಸಿದ್ದೇ ಹನ್ನೊಂದೂವರೆಗೆ.
ಕಿತ್ತು ಮುಗಿಸಿದಾಗ ಮೂರು ಗಂಟೆ. ಹುಡುಗರು ತೂಕಡಿಸುತ್ತಿದ್ದರು.
ಹಾರೆ ನನ್ನ ಕೈಯಲ್ಲೇ ಇತ್ತು.
ಟೆಂಪೋಗೆ ಎಸೆದೆ.

ಬೆಳಿಗ್ಗೆ ಎಡಗಡೆ ಗೆರೆಗುಂಟ ಓಡಿಬಂದಳು.
ಇಬ್ಬರು ಹಿಂದೆ ಉಳಿದರು. ಮುಂದೆ ಗೋಲಿಯೊಬ್ಬಳೇ.
ನಾನೆದ್ದ ರಭಸಕ್ಕೆ ಕುರ್ಚಿ ಬಿತ್ತು.
ಅವಳೂ ಬಿದ್ದಳು.
ಗುಣಿಯ ಅಳತೆ ನನಗೆ ಯಾರೂ ಹೇಳಬೇಕಿಲ್ಲ. ಒಂದೂವರೆ ಅಡಿ.
ಮೀನಖಂಡದವರೆಗೂ ಹಿಡಿಸಿತ್ತು,
ಹೇಳಿ ಮಾಡಿಸಿದ ಹಾಗೆ.

“ಯಾವನೋ ಇದನ್ನ ತೋಡಿ ಹೋದೋನು!”
ಅಲ್ಲಾಬಕ್ಷಿ ಮೇಷ್ಟ್ರು ಕೂಗಿದರು.
ಜನ ಆ ಕಡೆ ಈ ಕಡೆ ನೋಡಿದರು.
ನಾನೂ ನೋಡಿದೆ.

ಚಿತ್ರದುರ್ಗದ ಆಸ್ಪತ್ರೆಗೆ ಹೋಗುವಾಗ ಪರದೆಗೆ ತಲೆಯಿಟ್ಟು
ಕಣ್ಣು ಮುಚ್ಚಿಕೊಂಡೇ ಇದ್ದಳು.
ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಮುಗಿಯುತ್ತಲೇ ಇರಲಿಲ್ಲ.
ಗದ್ದಲದಲ್ಲಿ ಅಂದಳು:
“ಅದು ಏಳನೇದು, ಅಪ್ಪಾ. ಸ್ಟೇಜಿನ ಕಡೆಯಿಂದ.”
ಮೂರು ವರ್ಷದವಳಿದ್ದಾಗ
ಎಣಿಕೆ ಕಲಿತದ್ದು ಆ ಕಂಬಗಳಲ್ಲೇ.
ಮತ್ತೇನೂ ಅನ್ನಲಿಲ್ಲ. ಗೇಟು ತೆರೆಯಿತು.

ಈಗ ಬಿಲ್ಲಿನಲ್ಲಿ ಹೊಸದೊಂದು ಸಾಲು:
ಗುಣಿ ಮುಚ್ಚಿದ ಬಾಬ್ತು, ಒಂದಕ್ಕೆ ಇಪ್ಪತ್ತು ರೂಪಾಯಿ.
ಗಿರಾಕಿಗಳು ಗೊಣಗುತ್ತಾರೆ. ಒಂದಿಬ್ಬರು ಬೇರೆಯವರ ಕಡೆ ಹೋದರು.
ರಾತ್ರಿ ಎರಡಾದರೂ ಮಲಗೆಂದರೆ ಕೇಳುವುದಿಲ್ಲ ತಿಪ್ಪಿ,
ಕೆಂಪು ಕುರ್ಚಿಯಲ್ಲಿ ಕೂತು, ಬ್ಯಾಂಡೇಜಿನ ಕಾಲು ಇನ್ನೊಂದರ ಮೇಲಿಟ್ಟು
ನೆಲಕ್ಕೆ ಟಾರ್ಚು ಬಿಡುತ್ತಾಳೆ.
“ಶೇಂಗಾ ಹೊಟ್ಟು ಹಾಕ್ಬೇಡ, ಕುಸೀತೈತೆ. ಗರಸು ಹಾಕು.”
ಗರಸು ಹಾಕುತ್ತೇನೆ. ನೀರು ಚಿಮುಕಿಸುತ್ತೇನೆ.
“ತುಳಿ.”
ತುಳಿಯುತ್ತೇನೆ.
“ಆ ಕಾಲಲ್ಲಲ್ಲ. ಎಡಗಾಲಲ್ಲಿ.”